ಖಾಲಿ ತೂಕ ಅರವತ್ತೆಂಟು

ನಮ್ಮ ಬೀದಿಯಲ್ಲಿ ಐದು ವರ್ಷದೊಳಗಿನ ಮಕ್ಕಳು ಇಪ್ಪತ್ತಮೂರು. ಅವರಲ್ಲಿ ಒಂದು ಮಗುವೂ ದಪ್ಪಗಿರಲಿಲ್ಲ. ಬೀದಿಗೆ ಬಂದ ಗೋಳೆಲ್ಲ ಶುರುವಾದದ್ದು ಇಲ್ಲಿಂದಲೇ.

ಮಕ್ಕಳು ದಪ್ಪಗಾಗುವುದನ್ನು ಮೊದಲೇ ತಡೆಯಬೇಕು, ಅದಕ್ಕೆ ಬೀದಿಗೊಂದು ಸಮಿತಿ ಆಗಬೇಕು ಎಂದು ಆರೋಗ್ಯ ಕೇಂದ್ರದಿಂದ ಸುತ್ತೋಲೆ ಬಂತು. ಸುತ್ತೋಲೆಯ ಹಿಂದೆ ಒಬ್ಬ ನರ್ಸಮ್ಮ ಬಂದರು, ನರ್ಸಮ್ಮನ ಹಿಂದೆ ಒಂದು ತೂಕದ ಯಂತ್ರ ಬಂತು. ಶಿಶುವಿಹಾರದ ಹಜಾರದಲ್ಲಿ ಸಭೆ ಸೇರಿತು. ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ದೊಡ್ಡವರೆಲ್ಲ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದೆವು. ನರ್ಸಮ್ಮ ಹೇಳಿದ್ದು ಬಹಳ ಸರಳವಾಗಿತ್ತು. ಮಕ್ಕಳು ಓಡಾಡಿ ಆಡಲಿ, ಬಾಯಾರಿದರೆ ಬಣ್ಣದ ಸೋಡಾ ಬೇಡ, ನೀರು ಕುಡಿಯಲಿ. ಬಿಸ್ಕತ್ತು, ಚಾಕಲೇಟು ಕಡಿಮೆಯಾಗಲಿ, ಹೊತ್ತಿಗೆ ಸರಿಯಾಗಿ ಮಲಗಲಿ. ಮೂರು ತಿಂಗಳಿಗೊಮ್ಮೆ ತೂಗಿ ಬರೆದಿಟ್ಟರೆ ಸಾಕು.

"ಅಷ್ಟೇನಾ?" ಎಂದರು ನಿವೃತ್ತ ಹೆಡ್‌ಮಾಸ್ತರು. ಅವರು ಐದು ನಿಮಿಷದ ಹಿಂದಷ್ಟೇ ಸಮಿತಿಗೆ ಅಧ್ಯಕ್ಷರಾಗಿದ್ದರು. ಅಷ್ಟೇ ಆದರೆ ಅಧ್ಯಕ್ಷರು ಯಾಕೆ ಬೇಕು ಎಂಬ ನಿರಾಸೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಹಾಗಾಗಿ ಮೂರು ತಿಂಗಳಿಗೊಮ್ಮೆ ಎಂಬುದನ್ನು ಅಲ್ಲೇ ಸರ್ವಾನುಮತದಿಂದ ವಾರಕ್ಕೊಮ್ಮೆ ಎಂದು ತಿದ್ದಲಾಯಿತು.

"ತೂಗೋ ಕೆಲಸ ಗೊತ್ತಿರೋರು ಯಾರಾದ್ರೂ ಇದ್ದೀರಾ?" ನರ್ಸಮ್ಮ ಕೇಳಿದರು.

ಕುರ್ಚಿಯ ಸಮೇತ ಎದ್ದು ನಿಂತವರು ನನ್ನ ಭಾವ. ಕುರ್ಚಿ ಸಣ್ಣದಾದ್ದರಿಂದ ಅದು ಅವರ ಹಿಂದೆಯೇ ಅಂಟಿಕೊಂಡು ಮೇಲೆದ್ದಿತು. ಭಾವ ಊರಂಚಿನಲ್ಲಿ ಲಾರಿ ತೂಗುವ ಕಟ್ಟೆಯ ಗುಮಾಸ್ತರು. ಬೀದಿಯ ಮಕ್ಕಳಿಗೆಲ್ಲ ತಕ್ಕಡಿ ಮಾವ. ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಅದೇ ಶಿಶುವಿಹಾರದಲ್ಲಿ ಹನ್ನೊಂದು ವರ್ಷದಿಂದ ಅಡುಗೆ ಮಾಡುತ್ತಾಳೆ. ನಾನು ಅದೇ ಬೀದಿಯ ದರ್ಜಿ. ಈ ಕಥೆಯಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ. ಅದು ಬಂದಾಗ ಹೇಳುತ್ತೇನೆ.

"ಇಪ್ಪತ್ತೆರಡು ವರ್ಷದಿಂದ ತೂಗ್ತಾ ಇದೀನಿ ಸಿಸ್ಟರ್," ಎಂದರು ಭಾವ. "ಕಲ್ಲು, ಮರಳು, ಕಬ್ಬಿಣ, ಸಿಮೆಂಟು. ಒಂದು ಗ್ರಾಂ ನನ್ನ ಕಣ್ಣು ತಪ್ಪಿಸಿ ಹೋಗಿಲ್ಲ."

"ಮಕ್ಕಳನ್ನ ತೂಗಿದೀರಾ?"

"ಮಕ್ಕಳೂ ಒಂದು ಲೋಡೇ ಅಲ್ವಾ. ಚಿಕ್ಕ ಲೋಡು."

ನರ್ಸಮ್ಮ ಸಂಜೆ ಬಸ್ಸು ಹಿಡಿದು ಮೂರು ತಿಂಗಳ ತರಬೇತಿಗೆ ಹೊರಟುಹೋದರು. ಇಲ್ಲದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಲಾರಿ ತೂಗುವ ಲೆಕ್ಕ ಸುಲಭ. ತುಂಬಿದ ಲಾರಿಯನ್ನು ಕಟ್ಟೆಯ ಮೇಲೆ ನಿಲ್ಲಿಸಿದರೆ ಒಟ್ಟು ತೂಕ ಸಿಗುತ್ತದೆ. ಅದರಲ್ಲಿ ಖಾಲಿ ಲಾರಿಯ ತೂಕ ಕಳೆದರೆ ಉಳಿಯುವುದು ಲೋಡು. ಖಾಲಿ ತೂಕವನ್ನು ಲಾರಿಯ ಬಾಗಿಲ ಮೇಲೆ ಬಣ್ಣದಲ್ಲಿ ಬರೆದಿರುತ್ತಾರೆ. ಅದನ್ನೇ ಹಿಡಿದುಕೊಳ್ಳಿ ಎಂದು ಡ್ರೈವರುಗಳು ಗೋಗರೆದರೆ ಭಾವ ಕಿಟಕಿಯಿಂದ ಮುಖ ಹೊರಹಾಕಿ ಗುಡುಗುತ್ತಿದ್ದರು: "ಬಾಗಿಲ ಮೇಲೆ ಬರೆದಿದ್ದನ್ನ ನಾನು ನಂಬಲ್ಲ. ಖಾಲಿ ಮಾಡ್ಕೊಂಡು ಬಾ, ಮತ್ತೆ ತೂಗ್ತೀನಿ!" ಈ ಒಂದು ಮಾತಿಗೆ ನಾಲ್ಕು ದಿಕ್ಕಿನ ಡ್ರೈವರುಗಳು ಅವರಿಗೆ ಹೆದರುತ್ತಿದ್ದರು.

ಮಕ್ಕಳು ಯಂತ್ರದ ಮೇಲೆ ಒಂದು ಕ್ಷಣವೂ ನೆಟ್ಟಗೆ ನಿಲ್ಲುವುದಿಲ್ಲ. ಆದ್ದರಿಂದ ಭಾವ ತಾವೇ ಲಾರಿಯಾಗಲು ತೀರ್ಮಾನಿಸಿದರು. ಮಗುವನ್ನು ಎತ್ತಿಕೊಂಡು ನಿಲ್ಲುವುದು, ಒಟ್ಟು ತೂಕದಲ್ಲಿ ತಮ್ಮ ತೂಕ ಕಳೆಯುವುದು. ಮೊದಲ ದಿನ ತಮ್ಮನ್ನು ತಾವು ತೂಗಿಕೊಂಡರು. ಅರವತ್ತೆಂಟು ಕಿಲೋ ಬಂತು. ನೆಟ್ಟಗೆ ನನ್ನ ಅಂಗಡಿಗೆ ಬಂದು ಹೊಸ ಖಾಕಿ ಅಂಗಿಯನ್ನು ಮೆಷಿನ್ ಮೇಲೆ ಹಾಸಿದರು.

"ಇಲ್ಲಿ, ಜೇಬಿನ ಮೇಲೆ, ಕೆಂಪು ದಾರದಲ್ಲಿ ಹೊಲಿ. 'ಖಾಲಿ ತೂಕ ೬೮.'"

"ಭಾವ, ಚಾಕ್‌ಪೀಸಲ್ಲಿ ಬರೆದ್ರೆ ಸಾಲ್ದಾ? ನಾಳೆ ಹೆಚ್ಚುಕಮ್ಮಿ ಆದ್ರೆ?"

"ನಾನೇನು ಲಾರೀನಾ ಹೆಚ್ಚುಕಮ್ಮಿ ಆಗೋಕೆ?" ಎಂದರು.

ನಾನು ಹೊಲಿದೆ. ಎರಡು ಸಲ ದಾರ ಎಳೆದು ಗಟ್ಟಿಯಾಗಿಯೇ ಹೊಲಿದೆ.

ಮೊದಲ ಶನಿವಾರ ಮಕ್ಕಳೆಲ್ಲ ನೆಟ್ಟಗಿದ್ದರು. ಕಟಿಂಗ್ ಅಂಗಡಿಯವನ ನಾಲ್ಕು ವರ್ಷದ ಮಗಳು, ನಾನು ಸೂಜಿ ಎಂದು ಕರೆಯುವ ಸಣಕಲಿ, ಹದಿನೈದು ಕಿಲೋ ಇದ್ದಳು. ಭಾವ ಪುಸ್ತಕದಲ್ಲಿ ಬರೆದರು, ಅಧ್ಯಕ್ಷರು ಸಹಿ ಹಾಕಿದರು. ತಿಂಡಿ ಕಡಿಮೆ ಮಾಡಬೇಕೆಂದು ಅಧ್ಯಕ್ಷರು ಒಂದು ಜಪ್ತಿ ಯೋಜನೆಯನ್ನೂ ತಂದರು. ಮನೆಮನೆಯ ಬಿಸ್ಕತ್ತು, ಚಾಕಲೇಟು, ಕೇಕು ಎಲ್ಲ ಒಂದು ದೊಡ್ಡ ತಗಡಿನ ಡಬ್ಬಕ್ಕೆ ಬೀಳಬೇಕು. ಡಬ್ಬ ಭಾವನ ತೂಕದ ಕಟ್ಟೆಯ ಕೋಣೆಯಲ್ಲಿರಬೇಕು. ಪುಸ್ತಕದಲ್ಲಿ 'ಜಪ್ತಿ' ಎಂದು ಒಂದು ಕಾಲಂ, 'ವಿಲೇವಾರಿ' ಎಂದು ಇನ್ನೊಂದು. ಪ್ರತಿ ಶನಿವಾರ ಎರಡನೆಯ ಕಾಲಮಿನಲ್ಲಿ ಭಾವ ದುಂಡಗಿನ ಅಕ್ಷರದಲ್ಲಿ 'ಪೂರ್ಣ' ಎಂದು ಬರೆಯುತ್ತಿದ್ದರು.

ವಿಲೇವಾರಿ ಹೇಗಾಗುತ್ತಿತ್ತು ಎಂಬುದು ನಮಗೆಲ್ಲ ಆಮೇಲೆ ತಿಳಿಯಿತು. ಆದರೆ ಓದುವವರನ್ನು ಕಾಯಿಸುವುದು ಸಭ್ಯತೆಯಲ್ಲ, ಈಗಲೇ ಹೇಳಿಬಿಡುತ್ತೇನೆ. ತಿನ್ನುವ ವಸ್ತುವನ್ನು ಬಿಸಾಡಲು ಭಾವನಿಗೆ ಮನಸ್ಸು ಬರುತ್ತಿರಲಿಲ್ಲ. ಲಾರಿಗಳ ನಡುವೆ ಬಿಡುವಾದಾಗ ಅವರು ಖುದ್ದಾಗಿ ವಿಲೇವಾರಿ ಮಾಡುತ್ತಿದ್ದರು.

ನಾಲ್ಕನೆಯ ವಾರ ಸೂಜಿ ಹದಿನಾರು ಕಿಲೋ ಆದಳು. ಅವಳೊಬ್ಬಳೇ ಅಲ್ಲ, ಇಪ್ಪತ್ತಮೂರು ಮಕ್ಕಳೂ ಒಂದೊಂದು ಕಿಲೋ ಏರಿದ್ದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬಂತು," ಎಂದರು. ಅವರ ದನಿಯಲ್ಲಿ ಗಾಬರಿಗಿಂತ ನೆಮ್ಮದಿಯೇ ಜಾಸ್ತಿ ಇತ್ತು.

ಜಪ್ತಿ ಬಿಗಿಯಾಯಿತು. ಮನೆಗಳ ಮೇಲಿನ ಅಟ್ಟ, ತಲೆದಿಂಬು, ಅಜ್ಜಿಯರ ಸೀರೆಯ ಗಂಟು ಎಲ್ಲ ತಪಾಸಣೆಯಾದವು. ಡಬ್ಬ ಎರಡಾಯಿತು. ಅದೇ ವಾರ ಭಾವ ಹಿಂದಿನ ಬಾಗಿಲಿಂದ ನನ್ನ ಅಂಗಡಿಗೆ ಬಂದರು.

"ಈ ಪ್ಯಾಂಟು ಕುಗ್ಗಿದೆ. ನಮ್ಮ ಬೀದಿ ನೀರು ಸರಿಯಿಲ್ಲ. ಸೊಂಟ ಒಂದಿಂಚು ಬಿಡು. ನಿಮ್ಮಕ್ಕಂಗೆ ಹೇಳ್ಬೇಡ."

ಗಿರಾಕಿಯ ಸೊಂಟದ ಗುಟ್ಟನ್ನು ದರ್ಜಿ ಬಿಟ್ಟುಕೊಡಬಾರದು. ಅದೂ ಭಾವನ ಸೊಂಟ. ನಾನು ಬಾಯಿ ಮುಚ್ಚಿಕೊಂಡು ಹೊಲಿಗೆ ಬಿಚ್ಚಿದೆ. ನನ್ನ ತಪ್ಪು ಎಂದೆನಲ್ಲ, ಅದು ಇದೇ. ಮಕ್ಕಳ ತೂಕ ಬೀದಿಯ ವಿಷಯ, ಭಾವನ ಪ್ಯಾಂಟು ಅಂಗಡಿಯ ವಿಷಯ ಎಂದು ಎರಡನ್ನೂ ತಲೆಯಲ್ಲಿ ಬೇರೆ ಬೇರೆ ಇಟ್ಟುಬಿಟ್ಟೆ.

ಎಂಟನೆಯ ವಾರ ಎಲ್ಲ ಮಕ್ಕಳೂ ನಾಲ್ಕು ಕಿಲೋ ಹೆಚ್ಚಿದ್ದರು. ಸೂಜಿಗೆ ಆ ವಾರವೆಲ್ಲ ಜ್ವರ. ಗಂಜಿ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಅವಳೂ ಹತ್ತೊಂಬತ್ತು. ಅವಳಪ್ಪ ಕತ್ತರಿ ಹಿಡಿದುಕೊಂಡೇ ಓಡಿಬಂದ.

"ನೋಡಿ ಸ್ವಾಮಿ, ಕುತ್ತಿಗೆ ಮೂಳೆ ಎಣಿಸಬಹುದು! ಎಲ್ಲಿದೆ ಹತ್ತೊಂಬತ್ತು?"

"ಒಳಗಿದೆ," ಎಂದರು ಅಧ್ಯಕ್ಷರು. "ಒಳಬೊಜ್ಜು. ಹೊರಗೆ ಕಾಣಲ್ಲ. ಅದೇ ಅಪಾಯ."

ಪೋಸ್ಟ್‌ಮ್ಯಾನ್‌ನ ಅವಳಿ ಮಕ್ಕಳು ತಿಂಗಳು ಪೂರ್ತಿ ಬೇರೆ ಊರಿನಲ್ಲಿ ಅಮ್ಮನ ತವರುಮನೆಯಲ್ಲಿದ್ದು ಬಂದಿದ್ದರು. ಅವರೂ ಕರಾರುವಾಕ್ಕಾಗಿ ನಾಲ್ಕು ಕಿಲೋ ಏರಿದ್ದರು. ತಿನ್ನದಿದ್ದರೂ ಬರುತ್ತದೆ, ಊರಲ್ಲಿಲ್ಲದಿದ್ದರೂ ಬರುತ್ತದೆ ಎಂದ ಮೇಲೆ ಅದು ಗಾಳಿಯಲ್ಲೇ ಇರಬೇಕು ಎಂದು ಸಮಿತಿ ತೀರ್ಮಾನಿಸಿತು. ಬೀದಿಯ ಕಿಟಕಿಗಳೆಲ್ಲ ಮುಚ್ಚಿದವು. ಮಕ್ಕಳನ್ನು ತೂಗುವ ಮೊದಲು ಹತ್ತು ಸುತ್ತು ಓಡಿಸಿದರು. ಅವರ ಹಿಂದೆ ಓಡಿದ ಅಪ್ಪಂದಿರು ಗೋಡೆ ಹಿಡಿದು ಏದುಸಿರು ಬಿಟ್ಟರು. ಮಕ್ಕಳಿಗೆ ಹೇಳುವ ಕಥೆಗಳಲ್ಲೂ ಸಿಹಿ ಬರಕೂಡದು ಎಂದು ಅಧ್ಯಕ್ಷರು ಅಪ್ಪಣೆ ಹೊರಡಿಸಿದರು. ಪೋಸ್ಟ್‌ಮ್ಯಾನ್‌ನ ತಾಯಿ ಸಕ್ಕರೆ ಅರಮನೆಯನ್ನು ಸೌತೆಕಾಯಿ ಅರಮನೆ ಮಾಡಿ ಹೇಳಬೇಕಾಯಿತು.

"ಸೌತೆಕಾಯಿ ಅರಮನೇಲಿ ರಾಜಕುಮಾರಿ ಯಾಕಿರ್ತಾಳೆ ಅಜ್ಜಿ?" ಎಂದು ಅವಳಿಗಳಲ್ಲಿ ಒಂದು ಅಳತೊಡಗಿತು.

"ಅಧ್ಯಕ್ಷರನ್ನ ಕೇಳಪ್ಪ," ಎಂದರು ಅಜ್ಜಿ. ಮಗು ನಿಜವಾಗಿ ಹೋಗಿ ಕೇಳಿತು. ಅಧ್ಯಕ್ಷರು ಆ ಪ್ರಶ್ನೆಯನ್ನು ಮುಂದಿನ ಸಭೆಗೆ ಇಟ್ಟುಕೊಂಡರು.

ಇಷ್ಟೆಲ್ಲದರ ನಡುವೆ ನಿಜ ಹೇಳಿದವಳು ಸೂಜಿ ಒಬ್ಬಳೇ. ತೂಗಲು ಎತ್ತಿಕೊಂಡಾಗ ಭಾವನ ಹೊಟ್ಟೆಯ ಮೇಲೆ ತಲೆಯಿಟ್ಟು, "ಮಾವ, ನೀನೀಗ ಮೆತ್ತಗಿದ್ದೀಯ. ಮೊದಲು ಚುಚ್ತಿದ್ದೆ," ಎಂದಳು. ಮಕ್ಕಳ ಮಾತು ಮುದ್ದಾಗಿದೆಯೆಂದು ಎಲ್ಲರೂ ನಕ್ಕರು. ಭಾವ 'ಹತ್ತೊಂಬತ್ತು' ಎಂದು ಬರೆದುಕೊಂಡರು.

ಅಕ್ಕನಿಗೆ ಗಂಡನದೇ ಚಿಂತೆ. "ಮನೇಲಿ ಅರ್ಧ ತಟ್ಟೆ ತಿಂದು ಸಾಕು ಅಂತಾರೆ ಕಣೋ. ಮಕ್ಕಳ ಕೊರಗಲ್ಲಿ ಊಟ ಬಿಟ್ಟಿದ್ದಾರೆ. ಯೋಚನೆ ಮಾಡಿ ಮಾಡಿ ಮುಖ ಊದಿಕೊಂಡಿದೆ," ಎಂದು ನನ್ನೆದುರು ಕಣ್ಣೊರೆಸಿಕೊಂಡಳು. ಅದೇ ಬೆಳಿಗ್ಗೆ ನಾನು ಆ ಪ್ಯಾಂಟಿನ ಸೊಂಟವನ್ನು ಎರಡನೆಯ ಸಲ ಬಿಟ್ಟಿದ್ದೆ.

ಹನ್ನೊಂದನೆಯ ವಾರ ಅಧ್ಯಕ್ಷರಿಗೆ ಜ್ಞಾನೋದಯವಾಯಿತು. "ಇಪ್ಪತ್ತಮೂರು ಮಕ್ಕಳಿಗೂ ಸಮಾನವಾಗಿರೋದು ಒಂದೇ," ಎಂದು ಕೋಲಿನಿಂದ ನೆಲ ಕುಟ್ಟಿದರು. "ಶಿಶುವಿಹಾರದ ಮಧ್ಯಾಹ್ನದ ಊಟ!"

ಅವಳಿಗಳು ತಿಂಗಳು ಪೂರ್ತಿ ಅಲ್ಲಿ ಉಂಡಿರಲಿಲ್ಲವಲ್ಲ ಎಂದು ಯಾರೋ ಅಂದರು. "ಹಳೇ ಊಟ ಈಗ ಕೆಲಸ ಮಾಡ್ತಿದೆ," ಎಂದರು ಅಧ್ಯಕ್ಷರು. ವರದಿ ಮೇಲಕ್ಕೆ ಹೋಯಿತು. ಶನಿವಾರ ಮೇಲಧಿಕಾರಿ ಬರುತ್ತಾರೆ, ಅಂಕಿ ಸರಿಯಿದ್ದರೆ ಅಡುಗೆಮನೆಗೆ ಬೀಗ, ಅಡುಗೆಯವರನ್ನು ಕೆಲಸದಿಂದ ಬಿಡಿಸುವುದು, ಮಕ್ಕಳಿಗೆ ಬೇರೆಲ್ಲಿಂದಲೋ ಪೊಟ್ಟಣದ ಊಟ ಎಂದು ಉತ್ತರ ಬಂತು.

ಅಕ್ಕನ ಅಡುಗೆಮನೆಯನ್ನು ನೀವು ನೋಡಬೇಕಿತ್ತು. ಎರಡು ಒಲೆ, ಮೂರು ಪಾತ್ರೆ, ಒಂದು ಕಿಟಕಿ. ಯಾವ ಮಗು ಕ್ಯಾರೆಟ್ ಕಂಡರೆ ಓಡುತ್ತದೆ, ಯಾವುದು ಬೇಯಿಸಿದ ಕಾಳನ್ನು ಒಂದೊಂದಾಗಿ ಎಣಿಸಿ ತಿನ್ನುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಓಡುವವರಿಗೆ ಕ್ಯಾರೆಟ್ಟನ್ನು ತುರಿದು ಅಡಗಿಸುತ್ತಾಳೆ. ಅವಳಿಗೆ ಸ್ವಂತ ಮಕ್ಕಳಿಲ್ಲ. ಆ ದಿನ ಅವಳು ಪಾತ್ರೆ ತೊಳೆದು ಬೋರಲು ಹಾಕಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ನೀವು ತೂಗಿದ್ದು ಸರೀನಾ?" ಎಂದು ಗಂಡನನ್ನು ಕೇಳಿದಳು.

"ಯಂತ್ರ ಸುಳ್ಳು ಹೇಳಲ್ಲ ಕಣೆ," ಎಂದರು ಭಾವ. ಹೆಂಡತಿಯ ಕೆಲಸ ಒಂದು ಕಡೆ, ಇಪ್ಪತ್ತೆರಡು ವರ್ಷದ ಪ್ರಾಮಾಣಿಕತೆ ಇನ್ನೊಂದು ಕಡೆ. ಅಂಕಿ ತಿದ್ದಲು ಅವರ ಕೈ ಬರಲಿಲ್ಲ. ಆ ದುಃಖದಲ್ಲಿ ಮಾರನೆಯ ದಿನ ಒಂದು ಡಬ್ಬ ಪೂರ್ತಿ ವಿಲೇವಾರಿ ಮಾಡಿದರು.

ಶನಿವಾರ ಹಜಾರ ತುಂಬಿತ್ತು. ಅಧಿಕಾರಿ ಬಂದರು, ತರಬೇತಿ ಮುಗಿಸಿದ ನರ್ಸಮ್ಮನೂ ಜೊತೆಗಿದ್ದರು. ನರ್ಸಮ್ಮ ಮಕ್ಕಳ ಮೇಲೆ ಒಂದು ಸಲ ಕಣ್ಣಾಡಿಸಿ, "ಇವರಿಗೇನಾಗಿದೆ? ಚೆನ್ನಾಗೇ ಇದ್ದಾರಲ್ಲ," ಎಂದರು. "ಒಳಬೊಜ್ಜು ಸಿಸ್ಟರ್," ಎಂದು ಅಧ್ಯಕ್ಷರು ಕರುಣೆಯಿಂದ ಹೇಳಿದರು. ಭಾವ ಖಾಕಿ ಅಂಗಿಯಲ್ಲಿ, ಜೇಬಿನ ಮೇಲೆ ಕೆಂಪು ಅಕ್ಷರ ಹೊಳೆಯುತ್ತಿರಲು, ಸೂಜಿಯನ್ನು ಎತ್ತಿಕೊಂಡು ಯಂತ್ರ ಹತ್ತಿದರು. ಒಟ್ಟು ತೊಂಬತ್ತು, ಖಾಲಿ ಅರವತ್ತೆಂಟು, ಲೋಡು ಇಪ್ಪತ್ತೆರಡು.

"ಬೀಗ ತನ್ನಿ," ಎಂದರು ಅಧಿಕಾರಿ.

ಆಗ ಅಕ್ಕ ಅಡುಗೆಮನೆಯಿಂದ ಹೊರಬಂದಳು. ಕಂಕುಳಲ್ಲಿ ಹಿಟ್ಟಿನ ಚೀಲ. ಚೀಲದ ಹೊಲಿಗೆ ಬಿಚ್ಚಿರಲಿಲ್ಲ, ಮೇಲೆ ಹತ್ತು ಕಿಲೋ ಎಂದು ಅಚ್ಚಾಗಿತ್ತು.

"ಇದನ್ನ ತೂಗಿ," ಎಂದು ಗಂಡನ ಕೈಗಿಟ್ಟಳು.

ಭಾವ ಚೀಲವನ್ನು ಮಗುವಿನಂತೆಯೇ ಎದೆಗೊರಗಿಸಿಕೊಂಡು ನಿಂತರು. ಲೆಕ್ಕ ಹಾಕಿದರು. ಮುಖ ಬಿಳಿಚಿತು. "ಹದಿನೇಳು," ಎಂದರು.

ಮುಂದಿನ ಸಾಲಿನವರು ಕುರ್ಚಿಗಳನ್ನು ಹಿಂದಕ್ಕೆಳೆದುಕೊಂಡರು.

"ಹಿಟ್ಟೂ ದಪ್ಪಗಾಗಿದೆ!" ಎಂದು ಅಧ್ಯಕ್ಷರು ಕೂಗಿದರು. "ನಾನು ಹೇಳ್ಲಿಲ್ವಾ ಸರ್? ಈ ಅಡುಗೆಮನೆ ಗಾಳಿ ತಾಗಿದ್ದೆಲ್ಲ ಹೀಗೇ!"

ಅಧಿಕಾರಿ ಜಾಣರು. "ಅಂಗಡಿಯಿಂದ ಹೊಸ ಚೀಲ ತರಿಸಿ," ಎಂದರು. ಕಟಿಂಗ್ ಅಂಗಡಿಯವನು ಓಡಿಹೋಗಿ ತಂದ. ಅದೂ ಹದಿನೇಳು.

"ಅಂಗಡಿಗೂ ಹಬ್ಬಿದೆ," ಎಂದು ಅಧ್ಯಕ್ಷರು ಕುರ್ಚಿಯಲ್ಲಿ ಕುಸಿದರು.

ಅಧಿಕಾರಿ ತಮ್ಮ ಕೈಲಿದ್ದ ಫೈಲನ್ನೇ ಕೊಟ್ಟರು. ಹತ್ತು ಹಾಳೆಯ ಫೈಲು ಏಳು ಕಿಲೋ ತೂಗಿತು. "ನಮ್ಮ ಆಫೀಸಿಂದು ಕಣ್ರೀ ಇದು! ಬೆಳಿಗ್ಗೆ ತಾನೇ ತಂದಿದ್ದು!" ಎಂದು ಅವರಿಗೂ ಬೆವರಿತು. ಹಿಂದಿನ ಸಾಲಿನ ಇಬ್ಬರು ಎದ್ದು ಕಿಟಕಿ ಮುಚ್ಚಿದರು.

"ಈಗ ಏನೂ ಇಲ್ದೆ ನಿಂತ್ಕೊಳ್ಳಿ," ಎಂದಳು ಅಕ್ಕ.

ಭಾವ ಎರಡೂ ಕೈ ಖಾಲಿ ಚಾಚಿ ನಿಂತರು. ಕೆಳಗೆ ನೋಡಿದರು. "ಒಟ್ಟು ಎಪ್ಪತ್ತೈದು. ಖಾಲಿ ತೂಕ ಅರವತ್ತೆಂಟು ಕಳೆದರೆ... ಏಳು."

"ಏನದು ಏಳು? ಕೈಲಿ ಏನೂ ಇಲ್ವಲ್ರೀ!" ಎಂದರು ಅಧಿಕಾರಿ.

"ಗಾಳಿ!" ಎಂದರು ಅಧ್ಯಕ್ಷರು. "ಗಾಳೀನೇ ಏಳು ಕಿಲೋ ಇದೆ ಸರ್!"

ನನಗೆ ಇನ್ನು ತಡೆಯಲಾಗಲಿಲ್ಲ. ಒಂದು ಕಡೆ ಭಾವನಿಗೆ ಕೊಟ್ಟ ಮಾತು, ಇನ್ನೊಂದು ಕಡೆ ಬೋರಲು ಬಿದ್ದ ಪಾತ್ರೆಯ ಪಕ್ಕ ಕೂತ ಅಕ್ಕ. ಕುತ್ತಿಗೆಯಲ್ಲಿದ್ದ ಟೇಪನ್ನು ಎಳೆದುಕೊಂಡು ಮುಂದೆ ಬಂದು ಭಾವನ ಸೊಂಟಕ್ಕೆ ಸುತ್ತಿದೆ.

"ಮೂವತ್ತೇಳೂವರೆ ಇಂಚು," ಎಂದೆ. "ಈ ಅಂಕಿ ಹೊಲಿದ ದಿನ ಮೂವತ್ತನಾಲ್ಕು ಇತ್ತು. ಪ್ಯಾಂಟಿನ ಸೊಂಟ ಎರಡು ಸಲ ಬಿಟ್ಟಿದೀನಿ. ಕ್ಷಮಿಸಿ ಭಾವ, ನಮ್ಮ ಬೀದಿ ನೀರು ಸರಿಯಾಗೇ ಇದೆ."

ಭಾವ ನನ್ನನ್ನು ನೋಡಲಿಲ್ಲ. ಜೇಬಿನ ಮೇಲಿನ ಅಕ್ಷರ ನೋಡಿಕೊಂಡರು, ಯಂತ್ರ ನೋಡಿದರು, ಆಮೇಲೆ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟರು. ಎಷ್ಟೋ ಡ್ರೈವರುಗಳ ಕಳ್ಳತನ ಹಿಡಿದವರು ಈಗ ತಮ್ಮನ್ನೇ ಹಿಡಿದಿದ್ದರು.

"ಡಬ್ಬ..." ಎಂದರು. "ವಿಲೇವಾರಿ... ನಾನೇ..."

ಹಜಾರದಲ್ಲಿ ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ನರ್ಸಮ್ಮ ಗೋಡೆಗೆ ಒರಗಿ ನಕ್ಕರು. ಕಟಿಂಗ್ ಅಂಗಡಿಯವನು ಮಗಳನ್ನು ಮೇಲಕ್ಕೆಸೆದು ಹಿಡಿದ. ಅಧಿಕಾರಿ ತಮ್ಮ ಫೈಲನ್ನು ಒಂದು ಬೆರಳಿನಿಂದ ಎತ್ತಿ ನೋಡಿ ನಿಟ್ಟುಸಿರು ಬಿಟ್ಟರು. ನಗದೆ ಉಳಿದವರು ಇಬ್ಬರು: ಅಧ್ಯಕ್ಷರು ಮತ್ತು ಭಾವ. ಭಾವ ಯಂತ್ರದಿಂದ ಇಳಿದು ಅಕ್ಕನ ಎದುರು ಹೋಗಿ ನಿಂತರು. ಕಣ್ಣಲ್ಲಿ ನೀರಿತ್ತು.

"ಇನ್ನೇನು ನಿನ್ನ ಕೆಲಸಾನೂ ತಿಂದುಬಿಡ್ತಿದ್ದೆ ಕಣೆ," ಎಂದರು.

"ಅದೊಂದೇ ಉಳಿದಿತ್ತು ತಿನ್ನೋಕೆ," ಎಂದಳು ಅಕ್ಕ. ಹಾಗೆಂದು ಸೆರಗಿನಿಂದ ಅವರ ಕಣ್ಣು ಒರೆಸಿದಳು, ಬೀಗ ಹಿಡಿದು ನಿಂತಿದ್ದವನ ಕೈಯಿಂದ ಬೀಗ ಕಿತ್ತುಕೊಂಡು ಗಂಡನ ಕೈಗೆ ಸಿಗದಂತೆ ಬೆಲ್ಲದ ಡಬ್ಬಕ್ಕೆ ಹಾಕಿದಳು. ಊಟದ ಹೊತ್ತಾಗಿತ್ತು.

ನರ್ಸಮ್ಮ ಮಕ್ಕಳನ್ನು ಅವರವರ ಅಮ್ಮಂದಿರ ಜೊತೆ ಮತ್ತೆ ತೂಗಿದರು. ಅಮ್ಮಂದಿರನ್ನು ಆಗಲೇ ಖಾಲಿಯೂ ತೂಗಿದರು. ಎಲ್ಲ ಸರಿಯಿತ್ತು. ಅಪಾಯದ ಪಟ್ಟಿಯಿಂದ ಇಪ್ಪತ್ತಮೂರು ಹೆಸರೂ ಹೊಡೆದುಹಾಕಿದರು. ಪಟ್ಟಿ ಖಾಲಿ ಹೋಗಬಾರದು ಎಂದು ಅಧ್ಯಕ್ಷರು ಹಟ ಹಿಡಿದಾಗ ಒಂದು ಹೆಸರು ಹೊಸದಾಗಿ ಸೇರಿತು. ವಯಸ್ಸಿನ ಕಾಲಮಿನಲ್ಲಿ ಐವತ್ತೊಂದು. ಪೋಷಕರ ಸಹಿ ಇರುವಲ್ಲಿ ಅಕ್ಕ ಸಹಿ ಮಾಡಿದಳು. ಈಗ ಸಂಜೆ ಇಪ್ಪತ್ತಮೂರು ಮಕ್ಕಳು ತಕ್ಕಡಿ ಮಾವನನ್ನು ಬೀದಿಯುದ್ದಕ್ಕೂ ಓಡಿಸುತ್ತಾರೆ. ನರ್ಸಮ್ಮ ಹೇಳಿದ ವ್ಯಾಯಾಮ ಎರಡೂ ಕಡೆಯವರಿಗೆ ಆಗುತ್ತಿದೆ. ಸೌತೆಕಾಯಿ ಅರಮನೆ ಮತ್ತೆ ಸಕ್ಕರೆಯದಾಗಿದೆ.

ಅಂಗಿಯ ಮೇಲಿನ ಕೆಂಪು ದಾರವನ್ನು ನಾನೇ ಬ್ಲೇಡಿನಿಂದ ಬಿಚ್ಚಿದೆ. ಗಟ್ಟಿಯಾಗಿ ಹೊಲಿದ ತಪ್ಪಿಗೆ ಒಂದು ತಾಸು ಹಿಡಿಯಿತು. ಆ ಜಾಗದಲ್ಲಿ ಈಗ ವಾರಕ್ಕೊಮ್ಮೆ ಚಾಕ್‌ಪೀಸಿನಿಂದ ಬರೆಯುತ್ತೇನೆ.

ಕಳೆದ ಶನಿವಾರ ಎಪ್ಪತ್ತೆರಡು ಎಂದು ಬರೆಸಿಕೊಂಡು ಭಾವ ಹೆಮ್ಮೆಯಿಂದ ಶಿಶುವಿಹಾರಕ್ಕೆ ಹೋದರು. ಅಕ್ಕ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಜೇಬಿನ ಮೇಲಿನ ಅಂಕಿ ನೋಡಿದಳು, ಜೇಬಿನ ಉಬ್ಬನ್ನೂ ನೋಡಿದಳು.

"ಅಂಗಿ ಮೇಲೆ ಬರೆದಿದ್ದನ್ನ ನಾನು ನಂಬಲ್ಲ," ಎಂದಳು. "ಖಾಲಿ ಮಾಡ್ಕೊಂಡು ಬನ್ನಿ, ಮತ್ತೆ ತೂಗ್ತೀನಿ."

ಭಾವ ತಲೆ ತಗ್ಗಿಸಿ, ಎರಡು ಬಿಸ್ಕತ್ತು ತೆಗೆದು ಅವಳ ಕೈಗಿಟ್ಟರು.